ಋಣಭಾರವಿಲ್ಲದ ಹುಡುಗಿ

ನಮ್ಮ ಬಸವೇಶ್ವರನಗರದಲ್ಲಿ ಸೈಟು ಕೊಂಡವರು, ಮನೆ ಮಾರಿದವರು, ಸಾಲಕ್ಕೆಂದು ಬ್ಯಾಂಕಿನ ಮೆಟ್ಟಿಲು ಹತ್ತಿದವರು ಎಲ್ಲರೂ ಬಲ್ಲ ಕಾಗದವೊಂದಿದೆ. ಇ.ಸಿ. ಅಂದರೆ ಎನ್‌ಕಂಬ್ರೆನ್ಸ್ ಸರ್ಟಿಫಿಕೇಟು. ಕನ್ನಡದಲ್ಲಿ ಋಣಭಾರ ಪ್ರಮಾಣಪತ್ರ. ಆ ಸ್ವತ್ತಿನ ಮೇಲೆ ಯಾರ ಸಾಲ, ಯಾರ ಅಡಮಾನ, ಯಾರ ಹಕ್ಕು ಕೂತಿದೆ ಎಂದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಡಿ ಬರೆದುಕೊಡುತ್ತಾರೆ. ಏನೂ ಇಲ್ಲದಿದ್ದರೆ ‘ನಿಲ್’. ನಿಲ್ ಇ.ಸಿ. ಕೈಗೆ ಬಂದ ದಿನ ಮನೆಗೆ ಸಿಹಿ ತರುವ ಯಜಮಾನರನ್ನು ನಾನು ಬಲ್ಲೆ. ಇದೇ ಮಾತನ್ನು ಹೆಣ್ಣುಮಕ್ಕಳಿಗೂ ಹಚ್ಚುತ್ತಾರೆಂದು ನನಗೆ ಗೊತ್ತಾದದ್ದು ಸೈನ್ಯದ ನರ್ಸಿಂಗ್ ಕಾಲೇಜುಗಳ ಪ್ರವೇಶ ಪ್ರಕಟಣೆಯನ್ನು ಓದಿದಾಗ. ಯಾರು ಅರ್ಜಿ ಹಾಕಬಹುದು ಎಂಬ ಕಡೆ ಮದುವೆಯಾಗದ ಹುಡುಗಿಯರು, ವಿಚ್ಛೇದನ ಪಡೆದವರು, ಕಾನೂನಿನ ಪ್ರಕಾರ ಬೇರೆಯಾದವರು ಎಂದು ಹೇಳಿ, ಕೊನೆಗೆ ‘ಎನ್‌ಕಂಬ್ರೆನ್ಸ್ ಇಲ್ಲದ’ ವಿಧವೆಯರು ಎಂದು ಬರೆದಿತ್ತು. ಋಣಭಾರ ಎಂದರೆ ಇಲ್ಲಿ ಸಾಲವಲ್ಲ, ಅಡಮಾನವಲ್ಲ. ಮಕ್ಕಳು.

ಕಥೆ ಕಾದಂಬರಿಗಳನ್ನು ವಿಮರ್ಶೆ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಪ್ರಕಟಣೆಗಳನ್ನು ವಿಮರ್ಶಿಸುವವರು ಮಾತ್ರ ಯಾರೂ ಇದ್ದಂತಿಲ್ಲ. ಆದರೆ ಪಿಯುಸಿ ಮುಗಿಸಿದ ಮಗಳಿರುವ ಮನೆಯಲ್ಲಿ ಯಾವ ಕಾದಂಬರಿಗಿಂತಲೂ ಹೆಚ್ಚು ಕಣ್ಣಿಟ್ಟು ಓದುವುದು ಪ್ರಕಟಣೆಗಳನ್ನೇ ತಾನೆ? ಆ ಹುಡುಗಿಯ ಮುಂದಿನ ಹತ್ತು ವರ್ಷದ ಕಥೆ ಅದರಲ್ಲೇ ಇರುತ್ತದೆ. ಹಾಗಾಗಿ ಇಲ್ಲಿ ನಾನು ಮಾಡಹೊರಟಿರುವುದು ಒಂದು ಪ್ರಕಟಣೆಯ ವಿಮರ್ಶೆ. ಜೊತೆಗೆ, ಅದನ್ನು ಓದುವಾಗ ಮತ್ತೆ ಮತ್ತೆ ನೆನಪಿಗೆ ಬಂದ ಒಂದು ಸಿನಿಮಾದ್ದು ಮತ್ತು ಒಂದು ತೀರ್ಪಿನದ್ದು.

ಮೊದಲು ಪ್ರಕಟಣೆ ಕೊಡುವುದೇನು ಎಂಬುದನ್ನು ಹೇಳಿಬಿಡುತ್ತೇನೆ. ದೇಶದಲ್ಲಿ ಸೈನ್ಯದ್ದೇ ಆದ ಆರು ನರ್ಸಿಂಗ್ ಕಾಲೇಜುಗಳಿವೆ. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನದು ಒಂದು. ಉಳಿದವು ಕೋಲ್ಕತಾ, ಮುಂಬೈ, ದೆಹಲಿ, ಲಕ್ನೋ ಮತ್ತು ನಮ್ಮ ಬೆಂಗಳೂರಿನ ಸೇನಾ ಆಸ್ಪತ್ರೆಗಳಿಗೆ ಸೇರಿದಂತಿವೆ. ಎಲ್ಲ ಸೇರಿ 220 ಸೀಟು, ಎಲ್ಲವೂ ಹುಡುಗಿಯರಿಗೇ. ಅದರಲ್ಲಿ 40 ಸೀಟು ನಮ್ಮ ಹಳೆಯ ವಿಮಾನನಿಲ್ದಾಣ ರಸ್ತೆಯ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿ. 2022ರಿಂದ ನೀಟ್ ಪರೀಕ್ಷೆಯ ಅಂಕವನ್ನು ನೋಡಿ ಕರೆಯುತ್ತಾರೆ. ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್. ಊಟ, ವಸತಿ, ಸಮವಸ್ತ್ರದ ಖರ್ಚು ಎಲ್ಲ ಅವರದು. ಮೇಲೆ ತಿಂಗಳು ತಿಂಗಳೂ ಕೈಗೆ ಒಂದಿಷ್ಟು ಸ್ಟೈಪೆಂಡ್. ಇದಕ್ಕೆ ಬದಲಾಗಿ ಹುಡುಗಿ ಮುಚ್ಚಳಿಕೆ ಬರೆದುಕೊಡಬೇಕು, ಓದು ಮುಗಿದ ಮೇಲೆ ಕನಿಷ್ಠ ಐದು ವರ್ಷ ಮಿಲಿಟರಿ ನರ್ಸಿಂಗ್ ಸೇವೆಯಲ್ಲಿ ಇರುತ್ತೇನೆಂದು. ಸೇರುವಾಗಲೇ ಲೆಫ್ಟಿನೆಂಟ್ ಹುದ್ದೆ. ಹೆಗಲ ಮೇಲೆ ಎರಡು ನಕ್ಷತ್ರ.

ಜನ ಇದನ್ನು ‘ಫ್ರೀ ಸೀಟು’ ಅನ್ನುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ನಾಲ್ಕು ವರ್ಷ ಅವರು ಓದಿಸುತ್ತಾರೆ, ಐದು ವರ್ಷ ನಾನು ದುಡಿಯುತ್ತೇನೆ ಎಂಬಲ್ಲಿ ಪುಕ್ಕಟೆ ಯಾವುದು? ಮಾರ್ಕೆಟ್ಟಿನಲ್ಲಿ ನಾವು ಮಾಡುವ ವ್ಯಾಪಾರದಷ್ಟೇ ಸ್ವಚ್ಛವಾದ ವ್ಯಾಪಾರ ಇದು. ನನ್ನ ಮಟ್ಟಿಗೆ ಹೇಳುವುದಾದರೆ ಇದು ಒಳ್ಳೆಯ ವ್ಯಾಪಾರವೂ ಹೌದು. ಇದನ್ನು ದಾನವೆಂದು ಕರೆದರೆ ಹುಡುಗಿ ತಲೆ ತಗ್ಗಿಸಬೇಕಾಗುತ್ತದೆ. ತ್ಯಾಗವೆಂದು ಕರೆದರೆ ಕರಾರಿನ ಷರತ್ತುಗಳನ್ನು ಕೇಳಲು ಅವಳಿಗೆ ಸಂಕೋಚವಾಗುತ್ತದೆ. ತಾಯಿನಾಡಿಗಾಗಿ ಹೋಗುವವಳು ರಜೆ ಎಷ್ಟು, ಪಿಂಚಣಿ ಉಂಟೆ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು ಎಂದು ಕೇಳಬಹುದೆ? ಖಂಡಿತ ಕೇಳಬೇಕು. ಸೈಟಿನ ಕ್ರಯಪತ್ರವನ್ನು ವಕೀಲರಿಗೆ ತೋರಿಸದೆ ಸಹಿ ಹಾಕದ ನಾವು, ಮಗಳ ಮುಚ್ಚಳಿಕೆಗೆ ಮಾತ್ರ ಓದದೆ ಸಹಿ ಹಾಕುವುದು ಸರಿಯೆ?

ಇಷ್ಟಾದರೂ ನಮ್ಮ ಕಡೆಯಿಂದ ಈ ಕಾಲೇಜುಗಳಿಗೆ ಹೋದ ಹುಡುಗಿಯರನ್ನು ನಾನು ಕಂಡದ್ದು ಬಹಳ ಕಡಿಮೆ. ನಮ್ಮ ಬಡಾವಣೆಗೂ ರಕ್ಷಣಾ ಇಲಾಖೆಗೂ ನಂಟಿಲ್ಲವೆಂದಲ್ಲ. ಆ ಇಲಾಖೆಯ ಕಾರ್ಖಾನೆಯ ಹೆಸರನ್ನೇ ಹೊತ್ತ ಬಿ.ಇ.ಎಂ.ಎಲ್. ಲೇಔಟು ಇಲ್ಲೇ ಇದೆ. ಮಗ ಮಿಲಿಟರಿಗೆ ಸೇರಿದರೆ ಬೀದಿಗೆಲ್ಲ ಪೇಡಾ ಹಂಚುತ್ತಾರೆ. ಮಗಳು ಮಿಲಿಟರಿ ನರ್ಸ್ ಆಗುತ್ತೇನೆಂದರೆ ಮಿಲಿಟರಿ ಮರೆತುಹೋಗಿ ನರ್ಸ್ ಮಾತ್ರ ಕಿವಿಯಲ್ಲಿ ಉಳಿಯುತ್ತದೆ. ಕಂಡವರ ಮೈ ಮುಟ್ಟುವ ಕೆಲಸ, ರಾತ್ರಿ ಪಾಳಿಯ ಕೆಲಸ, ‘ಅದೆಲ್ಲ ಮಲಯಾಳಿಗಳು ಮಾಡುವ ಕೆಲಸ’. ನಮ್ಮ ಮನೆಗಳ ಮಡಿ ಮೈಲಿಗೆ ಅಡುಗೆಮನೆಯಿಂದ ಎಂದೋ ಹೊರಟುಹೋಯಿತು. ಕಾಲೇಜಿನ ಅರ್ಜಿಯಲ್ಲಿ ಮಾತ್ರ ಇನ್ನೂ ಬೆಚ್ಚಗೆ ಕೂತಿದೆ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟು ಕೊಡಿಸಲು ಇದ್ದ ಒಡವೆಯನ್ನೆಲ್ಲ ಬ್ಯಾಂಕಿನಲ್ಲಿಟ್ಟ ತಾಯಂದಿರು ನನ್ನ ಪರಿಚಯದಲ್ಲೇ ಇದ್ದಾರೆ. ಆ ಮನೆಯ ಹುಡುಗಿಗೆ ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದಿದ್ದರೂ ಊರಿನ ಆ ಕೊನೆಯ 40 ಸೀಟಿನ ಮಾತು ಯಾರೂ ಎತ್ತಲಿಲ್ಲ.

ಆದರೆ ನನಗೆ ಅನ್ನಿಸುವುದು, ಮೈಲಿಗೆಯ ಮಾತು ಮೇಲಿನ ಪದರ ಅಷ್ಟೆ. ಒಳಗಿನದು ಬೇರೆಯೇ ಇದೆ. ಹೆಣ್ಣುಮಗಳ ಓದಿಗೆ ಅಪ್ಪ ದುಡ್ಡು ಕೊಟ್ಟರೆ ಅವಳ ಮೇಲೆ ಅಪ್ಪನ ಋಣ ಇರುತ್ತದೆ. ‘ನಿನ್ನನ್ನು ಓದಿಸಿದ್ದೀವಿ’ ಎಂಬ ಒಂದು ವಾಕ್ಯದಿಂದ ಎಷ್ಟು ಕೆಲಸವಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಯಾವ ಊರಿನಲ್ಲಿ ಕೆಲಸಕ್ಕೆ ಸೇರಬೇಕು, ಯಾವಾಗ ಬಿಡಬೇಕು, ಗಂಡು ನೋಡಲು ಬಂದಾಗ ಯಾವ ಸೀರೆ ಉಡಬೇಕು ಎಂಬ ತನಕ ಆ ವಾಕ್ಯದ ಅಧಿಕಾರ ನಡೆಯುತ್ತದೆ. ತನ್ನ ಓದಿನ ಖರ್ಚನ್ನು ತನ್ನ ಐದು ವರ್ಷದ ದುಡಿಮೆಯಿಂದ ತೀರಿಸುತ್ತೇನೆ ಎಂದು ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡ ಹುಡುಗಿಗೆ ಈ ವಾಕ್ಯ ಹೇಳುವುದಕ್ಕಾಗುವುದಿಲ್ಲ. ಅವಳ ಮೇಲಿನ ಋಣಭಾರ ಮನೆಯ ಪುಸ್ತಕದಲ್ಲಿ ದಾಖಲಾಗಿಲ್ಲ. ಇದು ಅಪ್ಪಂದಿರಿಗೆ ಸಮಾಧಾನ ಕೊಡಬೇಕಾಗಿತ್ತು. ಏಕೋ ಕೊಡುವುದಿಲ್ಲ.

ಹಾವನೂರು ಸರ್ಕಲ್ ಕಡೆಯ ಒಂದು ಮನೆಯ ಹುಡುಗಿ ಮಾತ್ರ ಹಟ ಹಿಡಿದು ಹೋದಳು. ಓದುವ ನಾಲ್ಕು ವರ್ಷ ಮದುವೆಯ ಮಾತಿಲ್ಲ ಎಂಬುದು ಮನೆಯವರಿಗೆ ಗೊತ್ತಿತ್ತು. ಓದು ಮುಗಿದ ಕೂಡಲೇ ಜಾತಕಗಳು ಹೊರಬಂದವು. ಅವಳು ತಣ್ಣಗೆ, “ಬಾಂಡ್ ಇದೆ ಚಿಕ್ಕಮ್ಮ, ಇನ್ನೂ ಐದು ವರ್ಷ” ಎಂದಳು. ಬಾಂಡ್ ಇರುವುದು ಕೆಲಸಕ್ಕೆ, ಮದುವೆಗೆ ಅಡ್ಡಿಯಿಲ್ಲ ಎಂಬುದನ್ನು ಅವಳು ಬಿಡಿಸಿ ಹೇಳಲಿಲ್ಲ. ಮನೆಯವರು ಕೇಳಲೂ ಇಲ್ಲ. ಆ ಐದು ವರ್ಷದಲ್ಲಿ ಅವಳು ಮೂರು ಊರು ನೋಡಿದಳು, ತನ್ನ ಹೆಸರಿನಲ್ಲಿ ಒಂದಿಷ್ಟು ಹಣ ಕೂಡಿಟ್ಟಳು. ಸುಳ್ಳು ಹೇಳಿದಳೆಂದು ಅವಳ ಚಿಕ್ಕಮ್ಮನಿಗೆ ಈಗಲೂ ಸಿಟ್ಟು. ನನಗೇನೋ ನಗು ಬರುತ್ತದೆ. ಸರ್ಕಾರ ಹುಡುಗಿಯನ್ನು ಕಟ್ಟಿಹಾಕಲು ಬರೆಸಿಕೊಂಡ ಕಾಗದವನ್ನು ಅವಳು ಕೊಡೆಯ ಹಾಗೆ ಹಿಡಿದುಕೊಂಡು ನಡೆದಿದ್ದಳು.

ದುಡಿಮೆಗೆ ಬದಲು ಓದು ಎಂಬ ಈ ಲೆಕ್ಕಾಚಾರವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಅಮೆರಿಕದವರು. 1944ರಲ್ಲಿ, ಎರಡನೇ ಮಹಾಯುದ್ಧ ಇನ್ನೂ ಮುಗಿಯುವ ಮೊದಲೇ, ಯುದ್ಧದಿಂದ ಮರಳುವ ಸೈನಿಕರ ಕಾಲೇಜು ಖರ್ಚನ್ನು ಸರ್ಕಾರ ಹೊರುವ ಕಾನೂನು ಮಾಡಿದರು. ಜಿ.ಐ. ಬಿಲ್ ಎಂದು ಅದರ ಹೆಸರು. ಸುಮಾರು 22 ಲಕ್ಷ ಜನ ಅದರಿಂದ ಕಾಲೇಜಿಗೆ ಹೋದರು. ರೈತರ, ಕೂಲಿಕಾರರ ಮಕ್ಕಳು ಇಂಜಿನಿಯರುಗಳಾದರು. ಕಪ್ಪು ಜನರಿಗೆ ಕಾಗದದ ಮೇಲಿದ್ದ ಹಕ್ಕು ಎಷ್ಟೋ ಕಡೆ ಕೈಗೆ ಸಿಗಲಿಲ್ಲ ಎಂಬುದೂ ನಿಜ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಗಂಡ ಕಾಲೇಜಿನಲ್ಲಿರುವಾಗ ಟೈಪಿಸ್ಟಾಗಿಯೋ ಗುಮಾಸ್ತಳಾಗಿಯೋ ದುಡಿದು ಮನೆ ತೂಗಿಸಿದ ಹೆಂಡತಿಯರಿಗೆ ಅಲ್ಲಿನ ಕೆಲವು ಕಾಲೇಜುಗಳಲ್ಲಿ ಪಿ.ಎಚ್.ಟಿ. ಎಂಬ ತಮಾಷೆಯ ‘ಪದವಿ’ ಕೊಡುತ್ತಿದ್ದರಂತೆ. ಪಿಎಚ್.ಡಿ. ಅಲ್ಲ. ಗಂಡನನ್ನು ಓದಿಸಿ ದಡ ಸೇರಿಸಿದವಳು ಎಂದು ಅರ್ಥ. ಸರ್ಟಿಫಿಕೇಟು ಕೊಟ್ಟು ಫೋಟೋ ತೆಗೆಸುತ್ತಿದ್ದರು. ಅಣ್ಣ ತಮ್ಮಂದಿರ ಓದಿಗೆಂದು ತಮ್ಮ ಓದು ಬಿಟ್ಟ ನಮ್ಮ ಮನೆಗಳ ಹಿರಿಯಕ್ಕಂದಿರಿಗೆ ಆ ಕಾಗದವೂ ಸಿಗಲಿಲ್ಲ.

ಅದಿರಲಿ, ಸಿನಿಮಾಕ್ಕೆ ಬರೋಣ. ಸೈನ್ಯದ ನರ್ಸ್ ಅಂದಕೂಡಲೆ ಕನ್ನಡದ ಹೆಣ್ಣುಮಕ್ಕಳ ಕಣ್ಣೆದುರು ಬರುವವಳು ಸುಹಾಸಿನಿ. ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ 1990ರಲ್ಲಿ ಬಂತು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಕೊಡಗಿನ ಸೈನಿಕ ಅಚ್ಚಪ್ಪನಾಗಿ ವಿಷ್ಣುವರ್ಧನ್, ಗಾಯಗೊಂಡ ಅವನ ಶುಶ್ರೂಷೆ ಮಾಡುವ ಅನ್ನಪೂರ್ಣಳಾಗಿ ಸುಹಾಸಿನಿ, ಹಂಸಲೇಖರ ಸಂಗೀತ. ಸೆರಗು ಒದ್ದೆಯಾಗದೆ ಆ ಚಿತ್ರ ನೋಡಿ ಬಂದ ಹೆಂಗಸನ್ನು ನಾನು ಕಂಡಿಲ್ಲ. ಯುದ್ಧದ ವೈಭವಕ್ಕಿಂತ ಯುದ್ಧ ಒಂದು ಸಂಸಾರವನ್ನು ಏನು ಮಾಡುತ್ತದೆ ಎಂಬುದರ ಕಡೆಗೆ ಕ್ಯಾಮೆರಾ ತಿರುಗಿಸಿದ ಚಿತ್ರ ಅದು. ಆ ದೃಷ್ಟಿಯಿಂದ ಈಗಲೂ ನನಗೆ ಅದರ ಮೇಲೆ ಗೌರವವಿದೆ.

ಆದರೆ ಆ ಚಿತ್ರ ನೋಡಿದವರನ್ನು ಕೇಳಿ. ಅನ್ನಪೂರ್ಣ ಯಾರು? ಅಚ್ಚಪ್ಪನ ಹೆಂಡತಿ, ಮಗನನ್ನು ಎದೆಗವಚಿಕೊಂಡ ತಾಯಿ ಎನ್ನುತ್ತಾರೆ. ಅವಳು ನರ್ಸ್ ಆಗಿದ್ದದ್ದು ನಾಯಕನಿಗೆ ಎದುರಾಗಲು ಒಂದು ನೆಪ ಮಾತ್ರ ಎಂಬಂತೆ ನಮ್ಮ ನೆನಪು ಕೆಲಸ ಮಾಡುತ್ತದೆ. ಅವಳು ಎಲ್ಲಿ ಕಲಿತಳು, ಯಾರು ಓದಿಸಿದರು, ಎಷ್ಟು ಸಂಬಳ ಬರುತ್ತಿತ್ತು, ಮದುವೆಯಾದ ಮೇಲೆ ಆ ಕೆಲಸ ಏನಾಯಿತು? ಈ ಪ್ರಶ್ನೆಗಳನ್ನು ಪರದೆಯ ಈ ಕಡೆ ಕೂತ ನಾವಾದರೂ ಕೇಳಿದೆವೆ? ಅಚ್ಚಪ್ಪನ ಹುದ್ದೆ, ಅವನ ಯುದ್ಧಗಳು ನಮಗೆ ಬಾಯಿಪಾಠ. ಪ್ರೀತಿ ಮಾಡಿದ್ದು ಇಬ್ಬರೂ, ಮದುವೆಯಾದದ್ದು ಇಬ್ಬರೂ. ಮದುವೆಯ ನಂತರ ಇಬ್ಬರಲ್ಲಿ ಒಬ್ಬರ ಸಮವಸ್ತ್ರ ನಮ್ಮ ನೆನಪಿನಿಂದ ಕಳಚಿಬಿತ್ತು. ಅದು ಕಳಚಿದ ಸದ್ದು ನಮಗೆ ಕೇಳಿಸಲಿಲ್ಲ. ಹಾಡು ಅಷ್ಟು ಚೆನ್ನಾಗಿತ್ತು.

ಇದು ಸಿನಿಮಾದವರ ಅಜಾಗ್ರತೆ ಮಾತ್ರ ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಆ ಸದ್ದನ್ನು ಕೊನೆಗೆ ಕೇಳಿಸಿಕೊಂಡದ್ದು ಸುಪ್ರೀಂ ಕೋರ್ಟು. ಸೆಲಿನಾ ಜಾನ್ ಎಂಬವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿ ಪಡೆದು, 1985ರಲ್ಲಿ ಲೆಫ್ಟಿನೆಂಟ್ ಆಗಿ ಸಿಕಂದರಾಬಾದಿನ ಮಿಲಿಟರಿ ಆಸ್ಪತ್ರೆಗೆ ಸೇರಿದವರು. 1988ರಲ್ಲಿ ಅವರ ಮದುವೆಯಾಯಿತು. ಅದೇ ವರ್ಷ ಅವರನ್ನು ಸೇವೆಯಿಂದ ಬಿಡುಗಡೆ ಮಾಡಿದರು. ಯಾಕೆಂದರೆ ಮಿಲಿಟರಿ ನರ್ಸಿಂಗ್ ಸೇವೆಯ 1977ರ ನಿಯಮದಲ್ಲಿ ಒಬ್ಬಳನ್ನು ಕೆಲಸದಿಂದ ತೆಗೆಯಲು ಕಾರಣಗಳ ಒಂದು ಪಟ್ಟಿಯಿತ್ತು. ವೈದ್ಯಕೀಯವಾಗಿ ಅನರ್ಹಳಾಗುವುದು, ದುರ್ನಡತೆ, ಮದುವೆ. ಈ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಗುಮಾಸ್ತೆಯ ಲೇಖನಿಯನ್ನು ನಾನು ಕಲ್ಪಿಸಿಕೊಳ್ಳಲು ಪ್ರಯತ್ನಿಸಿದ್ದೇನೆ. ಅವರು ಮದುವೆಯಾದದ್ದು ಯಾರನ್ನು? ಒಬ್ಬ ಸೇನಾಧಿಕಾರಿಯನ್ನು. ಮದುವೆಯೇ ಅನರ್ಹತೆಯಾದರೆ ಅವರಿಗೂ ಆ ದಿನ ಮದುವೆಯಾಗಿತ್ತಲ್ಲ? ಅವರನ್ನು ಕೆಲಸದಿಂದ ತೆಗೆಯುವ ನಿಯಮ ಇರಲಿಲ್ಲ.

ಆ ನಿಯಮ 1995ರವರೆಗೂ ಪುಸ್ತಕದಲ್ಲಿತ್ತು. ಅಂದರೆ 1990ರಲ್ಲಿ ನಾವು ಚಿತ್ರಮಂದಿರದ ಕತ್ತಲೆಯಲ್ಲಿ ಅಚ್ಚಪ್ಪ ಅನ್ನಪೂರ್ಣರ ಮದುವೆಗೆ ಸಂತೋಷಪಡುತ್ತಿದ್ದಾಗ, ಅದೇ ರೀತಿ ಮದುವೆಯಾಗುವ ನಿಜವಾದ ನರ್ಸಿನ ಕೆಲಸ ಮರುದಿನ ಹೋಗಬಹುದಾಗಿತ್ತು. ನಮಗೆ ಯಾರೂ ಹೇಳಲಿಲ್ಲ. ಸೆಲಿನಾ ಜಾನ್ ಕೋರ್ಟು ಕಚೇರಿ ಅಲೆದರು. 2016ರಲ್ಲಿ ಲಕ್ನೋದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅವರ ಪರವಾಗಿ ತೀರ್ಪು ಕೊಟ್ಟರೆ, ಸರ್ಕಾರ ಮೇಲಿನ ಕೋರ್ಟಿಗೆ ಹೋಯಿತು. 2024ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು, ಮದುವೆಯಾದಳೆಂದು ಹೆಣ್ಣನ್ನು ಕೆಲಸದಿಂದ ತೆಗೆಯುವುದು ಮನಬಂದಂತೆ ಮಾಡಿದ ನಿಯಮ, ಹಸಿಹಸಿಯಾದ ಲಿಂಗತಾರತಮ್ಯ ಎಂಬ ಅರ್ಥದಲ್ಲಿ ಹೇಳಿ, ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ತೀರ್ಪು ಬಂದ ದಿನ ಪ್ರೇಮಿಗಳ ದಿನವಾಗಿದ್ದು ಆಕಸ್ಮಿಕವಿರಬೇಕು. ಕೆಲಸ ಹೋದದ್ದಕ್ಕೂ ಹಣ ಬಂದದ್ದಕ್ಕೂ ನಡುವೆ ಸುಮಾರು 36 ವರ್ಷ. ಅಷ್ಟರಲ್ಲಿ ಅವರು ಏನೇನಾಗಬಹುದಿತ್ತು, ಕ್ಯಾಪ್ಟನ್, ಮೇಜರ್, ಅದರ ಮೇಲೆ? 60 ಲಕ್ಷವನ್ನು 36ರಿಂದ ಭಾಗಿಸಿ ನೋಡಿ. ತಿಂಗಳಿಗೆ ಹದಿನಾಲ್ಕು ಸಾವಿರಕ್ಕೂ ಕಡಿಮೆ ಬೀಳುತ್ತದೆ.

ಈ ತೀರ್ಪನ್ನು ಓದಿದ ಮೇಲೆ ನನಗೆ ಪ್ರಕಟಣೆಯ ಭಾಷೆ ಇನ್ನೊಂದು ಬಗೆಯಾಗಿ ಕಾಣತೊಡಗಿತು. ಇದು ಐದು ವರ್ಷದ ಕರಾರು ಎಂದು ಕಾಗದ ಹೇಳುತ್ತದೆ. ಆದರೆ ಅದರ ಹಿಂದೆ ಹಳೆಯ ಲೆಕ್ಕವೊಂದಿದೆ. ಹೆಣ್ಣಿನ ಶ್ರಮ ಅವಳು ಯಾರದೂ ಅಲ್ಲದಿರುವಷ್ಟು ದಿನ ಮಾತ್ರ ಸರ್ಕಾರಕ್ಕೆ ಸಿಗುತ್ತದೆ, ಆಮೇಲೆ ಅದು ಗಂಡನ ಮನೆಯ ಸ್ವತ್ತು ಎಂಬ ಲೆಕ್ಕ. ಅತ್ತೆ ಮಾವಂದಿರೂ ಹೀಗೆಯೇ ಯೋಚಿಸುತ್ತಾರೆ. ಹಾಗಾಗಿ ರಕ್ಷಣಾ ಇಲಾಖೆಯೂ ನಮ್ಮ ಬೀದಿಯ ಬೀಗರೂ ಈ ಒಂದು ವಿಷಯದಲ್ಲಿ ಬಹಳ ಕಾಲ ಒಂದೇ ಅಭಿಪ್ರಾಯದವರಾಗಿದ್ದರು. 1995ರಲ್ಲಿ ಇಲಾಖೆ ಅಭಿಪ್ರಾಯ ಬದಲಿಸಿತು. ಬೀಗರ ವಿಷಯ ನನಗಿಂತ ನೀವೇ ಚೆನ್ನಾಗಿ ಬಲ್ಲಿರಿ.

ಗಂಡುಮಕ್ಕಳಿಗೆ ಈ ಬಗೆಯ ಕರಾರಿನ ರುಚಿ ಹತ್ತಿದ್ದು ಇತ್ತೀಚೆಗೆ, 2022ರ ಅಗ್ನಿಪಥ ಯೋಜನೆಯಿಂದ. ನಾಲ್ಕು ವರ್ಷ ಸೇವೆ, ಆಮೇಲೆ ನೂರಕ್ಕೆ 25 ಜನರನ್ನು ಉಳಿಸಿಕೊಂಡು ಮಿಕ್ಕವರನ್ನು ಸುಮಾರು 11.71 ಲಕ್ಷ ರೂಪಾಯಿಯ ‘ಸೇವಾನಿಧಿ’ಯೊಂದಿಗೆ ಮನೆಗೆ ಕಳಿಸುವುದು. ಪಿಂಚಣಿಯಿಲ್ಲ. ಆ ನಾಲ್ಕು ವರ್ಷ ಮದುವೆಯಾಗುವಂತಿಲ್ಲ, ಹುಡುಗರೂ ಕೂಡ! ಯೋಜನೆ ಬಂದಾಗ ದೇಶದ ಹಲವು ಕಡೆ ರೈಲಿಗೆ ಬೆಂಕಿ ಬಿತ್ತು. ನರ್ಸುಗಳ ವಿಷಯದಲ್ಲಿ ಹದಿನೆಂಟು ವರ್ಷ ನಡೆದ ನಿಯಮಕ್ಕೆ ಒಂದು ಬೆಂಕಿಕಡ್ಡಿಯೂ ಗೀರಿದ ಹಾಗಿಲ್ಲ. ಸೇವಾನಿಧಿಯ ಲೆಕ್ಕವನ್ನೂ ಮನೆ ನಡೆಸುವ ಹೆಂಗಸಿನ ಕಣ್ಣಿನಿಂದ ನೋಡಿ. ಮೊದಲ ವರ್ಷ ತಿಂಗಳಿಗೆ 30,000 ಸಂಬಳ ಎನ್ನುತ್ತಾರೆ. ಕೈಗೆ ಬರುವುದು 21,000. ಉಳಿದ 9,000 ನಿಧಿಗೆ ಜಮಾ. ಹೀಗೆ ನಾಲ್ಕು ವರ್ಷದಲ್ಲಿ ಹುಡುಗನ ಸಂಬಳದಿಂದಲೇ 5.02 ಲಕ್ಷ ಹೋಗುತ್ತದೆ, ಸರ್ಕಾರ ಅಷ್ಟನ್ನೇ ಸೇರಿಸುತ್ತದೆ, ಮೇಲೆ ಬಡ್ಡಿ. ಅಂದರೆ ಕಾಲೇಜಿಗೆಂದು ಕೈಗೆ ಬರುವ ದುಡ್ಡಿನಲ್ಲಿ ಹತ್ತಿರಹತ್ತಿರ ಅರ್ಧ ಅವನದೇ. ನಾವು ಚೀಟಿ ಹಾಕುವಾಗ ಮಾಡುವುದೂ ಇದನ್ನೇ ಅಲ್ಲವೆ? ಸೇವೆಯಲ್ಲಿದ್ದುಕೊಂಡೇ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಮೂರು ವರ್ಷದ ಪದವಿ ಪಡೆಯಬಹುದು, ಅದರ ಅರ್ಧ ಅಂಕ ಸೈನ್ಯದ ತರಬೇತಿಗೇ ಸಿಗುತ್ತದೆ ಎಂಬ ಏರ್ಪಾಟನ್ನೂ ಮಾಡಿದ್ದಾರೆ. ಆ ಪದವಿಗೆ ಹೊರಗಿನ ಕಂಪನಿಗಳು ಎಷ್ಟು ಬೆಲೆ ಕಟ್ಟುತ್ತವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಹುಡುಗಿಯರಿಗೂ ಇದರಲ್ಲಿ ಪಾಲುಂಟು. ಸೈನ್ಯದ ಪೊಲೀಸ್ ದಳಕ್ಕೆ ಮೊದಲ ಬಾರಿ ಸೇರಿದ 83 ಮಹಿಳಾ ಜವಾನರು ತರಬೇತಿ ಮುಗಿಸಿ ಪೆರೇಡ್ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, 2021ರ ಮೇ 8ರಂದು. ಅವರು ಹಳೆಯ ಪದ್ಧತಿಯ ಪ್ರಕಾರ ಪೂರ್ಣಾವಧಿ ಸೇವೆಗೆ ಸೇರಿದವರು. ಮರುವರ್ಷದಿಂದ ಅದೇ ದಳಕ್ಕೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುವುದು ಅಗ್ನಿಪಥದ ಮೂಲಕ. ಬಾಗಿಲು ತೆರೆದ ಮರುವರ್ಷವೇ ಒಳಗಿನ ಕೋಣೆ ಚಿಕ್ಕದಾಯಿತು.

ಇನ್ನು ಅಪ್ಪನ ಸೇವೆಯಿಂದ ಮಕ್ಕಳು ಓದುವ ದಾರಿ. ಮಾಜಿ ಸೈನಿಕರ ಮಕ್ಕಳಿಗೆ, ವಿಧವೆಯರಿಗೆ ವೃತ್ತಿಶಿಕ್ಷಣಕ್ಕಾಗಿ ಪ್ರಧಾನಮಂತ್ರಿ ವಿದ್ಯಾರ್ಥಿವೇತನವೆಂಬುದೊಂದಿದೆ. ವರ್ಷಕ್ಕೆ 5,500 ಜನರಿಗೆ ಕೊಡುತ್ತಾರೆ, ಅರ್ಧ ಗಂಡು, ಅರ್ಧ ಹೆಣ್ಣು. 2019ರಲ್ಲಿ ಮೊತ್ತ ಏರಿಸಿದಾಗ ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000 ಎಂದು ಗೊತ್ತುಮಾಡಿದರು. ಹೆಣ್ಣಿಗೆ ಐನೂರು ಹೆಚ್ಚು ಕೊಡುವ ಸರ್ಕಾರಿ ಕಾಗದವನ್ನು ನಾನು ಬೇರೆಲ್ಲೂ ಕಂಡ ನೆನಪಿಲ್ಲ. ಓದಿದಾಗ ಖುಷಿಯಾಯಿತು.

ಆ ಖುಷಿಯಲ್ಲೇ ಎರಡು ಕಾಗದಗಳನ್ನೂ ಪಕ್ಕಪಕ್ಕದಲ್ಲಿಟ್ಟು ಇನ್ನೊಮ್ಮೆ ಓದಿದೆ. ಗಂಡ ಸೈನ್ಯದಲ್ಲಿದ್ದ, ಈಗ ಇಲ್ಲ. ಹೆಂಡತಿಗೆ ಇಪ್ಪತ್ತಮೂರು ವರ್ಷ, ಪಿಯುಸಿಯಲ್ಲಿ ವಿಜ್ಞಾನ ಓದಿದ್ದಾಳೆ, ಕಂಕುಳಲ್ಲಿ ಒಂದು ಮಗು. ನಮ್ಮ ಹಾಸನ, ಕೊಡಗು, ಬೆಳಗಾವಿಯ ಹಳ್ಳಿಗಳಲ್ಲಿ ಇಂಥವರು ಇಲ್ಲದಿಲ್ಲ. ಅವಳು ಓದಲು ಹೊರಟರೆ ರಕ್ಷಣಾ ಇಲಾಖೆಯ ಒಂದು ಕಚೇರಿ ತಿಂಗಳಿಗೆ 3,000 ಕೊಡಲು ಸಿದ್ಧವಿದೆ. ಅದೇ ಇಲಾಖೆಯ ಇನ್ನೊಂದು ಕಚೇರಿಗೆ, ಗಂಡ ದುಡಿದ ಸೈನ್ಯದ ಆಸ್ಪತ್ರೆಯಲ್ಲೇ ನರ್ಸಿಂಗ್ ಕಲಿಯುತ್ತೇನೆ, ಐದು ವರ್ಷವಲ್ಲ ಹತ್ತು ವರ್ಷ ದುಡಿಯುತ್ತೇನೆ ಎಂದು ಅವಳು ಅರ್ಜಿ ಹಾಕುವಂತಿಲ್ಲ. ವಯಸ್ಸು ಸರಿಯಿದೆ, ಅಂಕ ಸರಿಯಿದೆ. ಇ.ಸಿ.ಯಲ್ಲಿ ಆ ಸೈನಿಕನ ಮಗುವಿದೆ.